ವಯಸ್ಸಾದ ಮಿದುಳು ಮತ್ತು ಒಂದು ಗುಟುಕು ನೀರು

ಊಟದ ನಡುವೆ ಯಾರಿಗಾದರೂ ಥಟ್ಟನೆ ಕೆಮ್ಮು ಬಂದರೆ, ನೆತ್ತಿಗೆ ಹತ್ತಿತು ಎಂದು ತಲೆ ತಟ್ಟುವುದು, ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ಸಮಾಧಾನ ಹೇಳುವುದು ನಮ್ಮ ಮನೆಗಳ ರೂಢಿ. ಹರೆಯದವರ ವಿಷಯದಲ್ಲಿ ಅದು ಅಲ್ಲಿಗೇ ಮುಗಿಯುತ್ತದೆ. ಆದರೆ ಎಪ್ಪತ್ತೈದು ದಾಟಿದ ಅಜ್ಜಿಗೆ ಬೆಳಗಿನ ಕಾಫಿ ಕುಡಿಯುವಾಗ ದಿನವೂ ಹಾಗಾಗುತ್ತಿದ್ದರೆ, ಅಥವಾ ಅಜ್ಜ ಅನ್ನ ಉಂಡರೂ ನೀರಿನ ಲೋಟ ಮುಟ್ಟಲು ಹಿಂಜರಿಯತೊಡಗಿದ್ದರೆ, ಗಂಟಲಿನ ಜೊತೆಗೆ ಗಂಟಲನ್ನು ಆಳುವ ಮಿದುಳಿನ ಕಡೆಗೂ ಗಮನ ಕೊಡಬೇಕಾಗುತ್ತದೆ.

ಪಾರ್ಶ್ವವಾಯುವಾಗಿ ಶಿವಮೊಗ್ಗದ ಆಸ್ಪತ್ರೆಗೆ ಸೇರಿ, ಚೇತರಿಸಿಕೊಂಡು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗೆ ಮರಳುವ ಹಿರಿಯರಲ್ಲಿ ಕೆಲವರ ಮೂಗಿನಲ್ಲಿ ಆಹಾರ ಕೊಡುವ ಪೈಪು ಇನ್ನೂ ಇರುತ್ತದೆ. ಬಿಡುಗಡೆಯ ಚೀಟಿಯಲ್ಲಿ ನೀರು, ಕಾಫಿ ಬಾಯಿಗೆ ಕೊಡಬಾರದು ಎಂಬ ಸೂಚನೆ ಇರುತ್ತದೆ. ಗಟ್ಟಿ ಪದಾರ್ಥ ಬೇಡವೆಂದರೆ ಯಾರಿಗಾದರೂ ಅರ್ಥವಾಗುತ್ತದೆ. ನೀರೇ ಬೇಡವೆಂದರೆ ಮನೆಯವರಿಗೆ ದಿಕ್ಕು ತೋಚುವುದಿಲ್ಲ. 2011ರ ಜನಗಣತಿಯಲ್ಲಿಯೇ ದೇಶದ ಅರುವತ್ತು ದಾಟಿದವರ ಸಂಖ್ಯೆ ಸುಮಾರು 10.4 ಕೋಟಿ, ಅಂದರೆ ಜನಸಂಖ್ಯೆಯ ಶೇ. 8.6 ಇತ್ತು. ಮಕ್ಕಳು ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ಹಿರಿಯರನ್ನು ಹಿರಿಯರೇ ನೋಡಿಕೊಳ್ಳುವ ಸ್ಥಿತಿ ಸಾಮಾನ್ಯವಾಗಿರುವ ಮಲೆನಾಡಿನಲ್ಲಿ, ಆ ಸೂಚನೆಯ ಹಿಂದಿನ ಕಾರಣ ತಿಳಿದಿದ್ದರೆ ಅದನ್ನು ಪಾಲಿಸುವುದು ಸುಲಭವಾಗುತ್ತದೆ.

ಗಂಟಲಿನಲ್ಲಿ ಕೂಡುವ ಎರಡು ದಾರಿಗಳು

ನಮ್ಮ ಗಂಟಲಿನಲ್ಲಿ ಗಾಳಿಯ ದಾರಿಯೂ ಅನ್ನದ ದಾರಿಯೂ ಒಂದನ್ನೊಂದು ಅಡ್ಡಹಾಯುತ್ತವೆ. ಮೂಗಿನಿಂದ ಬಂದ ಗಾಳಿ ಮುಂಭಾಗದಲ್ಲಿರುವ ಶ್ವಾಸನಾಳಕ್ಕೆ ಹೋಗಬೇಕು. ಬಾಯಿಂದ ಬಂದ ಆಹಾರ ಅದರ ಬಾಗಿಲನ್ನು ದಾಟಿ ಹಿಂಭಾಗದಲ್ಲಿರುವ ಅನ್ನನಾಳಕ್ಕೆ ಹೋಗಬೇಕು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಮಾರ್ಗದಲ್ಲಿ ರಸ್ತೆಯೂ ಹಳಿಯೂ ಕೂಡುವ ಗೇಟನ್ನು ನೆನೆಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ದಿನದ ಬಹುಪಾಲು ಗೇಟು ತೆರೆದಿದ್ದು ರಸ್ತೆಯಲ್ಲಿ ಓಡಾಟ ನಡೆದಿರುತ್ತದೆ. ಇದು ನಮ್ಮ ಉಸಿರಾಟ. ರೈಲು ಬರುವ ಸುದ್ದಿ ಬಂದಾಗ ಗೇಟು ಬೀಳಬೇಕು, ರೈಲು ಪೂರ್ತಿ ದಾಟಿದ ಮೇಲೆಯೇ ಏಳಬೇಕು, ಇದು ನುಂಗುವಿಕೆ.

ಈ ಗೇಟು ದಿನಕ್ಕೆ ಹಲವು ನೂರು ಸಲ ಬೀಳುತ್ತದೆ. ಊಟ ಮಾಡದಿದ್ದರೂ ಬಾಯಲ್ಲಿ ದಿನವಿಡೀ ಜೊಲ್ಲು ಊರುತ್ತಲೇ ಇರುತ್ತದೆ. ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಜೊಲ್ಲನ್ನು ನಾವು ಒಂದು ದಿನದಲ್ಲಿ ಅರಿವೇ ಇಲ್ಲದೆ ನುಂಗುತ್ತೇವೆ. ಒಂದೊಂದು ಸಲವೂ ಗೇಟು ಬಿದ್ದಿರುವ ಅವಧಿ ಸುಮಾರು ಒಂದು ಸೆಕೆಂಡು. ವಯಸ್ಸಾದವರ ತೊಂದರೆಯೆಲ್ಲ ಇರುವುದು ಈ ಒಂದು ಸೆಕೆಂಡಿನ ಹೊಂದಾಣಿಕೆಯಲ್ಲಿ.

ಒಂದು ಗುಟುಕಿನ ಒಳಗೆ

ಗಂಟಲಿನ ಮುಂಭಾಗದಲ್ಲಿ ಉಬ್ಬಿಕೊಂಡಿರುವ ಭಾಗದ ಮೇಲೆ ಎರಡು ಬೆರಳಿಟ್ಟು ಒಮ್ಮೆ ಜೊಲ್ಲು ನುಂಗಿ ನೋಡಿ. ಆ ಉಬ್ಬು ಬೆರಳಿನ ಕೆಳಗೆ ಮೇಲಕ್ಕೂ ಮುಂದಕ್ಕೂ ಸರಿದು ಮತ್ತೆ ಕೆಳಗಿಳಿಯುವುದು ತಿಳಿಯುತ್ತದೆ. ಅದು ಧ್ವನಿಪೆಟ್ಟಿಗೆ, ಶ್ವಾಸನಾಳದ ಮೇಲ್ತುದಿ. ನುಂಗುವಾಗ ಅದು ಸುಮಾರು ಎರಡು ಸೆಂಟಿಮೀಟರ್ ಮೇಲೇರಿ ನಾಲಗೆಯ ಬುಡದ ಕೆಳಗೆ ಅವಿತುಕೊಳ್ಳುತ್ತದೆ. ಹಾಗೆ ಏರುವಾಗಲೇ ಅನ್ನನಾಳದ ಬಾಯಿಯನ್ನೂ ಎಳೆದು ತೆರೆಯುತ್ತದೆ. ಒಂದೇ ಚಲನೆಯಲ್ಲಿ ಒಂದು ದಾರಿ ಮುಚ್ಚಿ ಇನ್ನೊಂದು ತೆರೆಯುವ ಈ ಏರ್ಪಾಡು ದೇಹದ ಅತ್ಯಂತ ನಾಜೂಕಾದ ಕೆಲಸಗಳಲ್ಲಿ ಒಂದು.

ಅದಕ್ಕೆ ಮೊದಲಿನ ಹಂತ ಬಾಯಲ್ಲಿ ನಡೆಯುತ್ತದೆ. ತುಟಿ ಮುಚ್ಚಿ, ಹಲ್ಲು ಜಗಿದು, ಜೊಲ್ಲು ಬೆರೆತು, ನಾಲಗೆಯು ತುತ್ತನ್ನು ಒಂದು ಉಂಡೆಯಾಗಿ ಕಟ್ಟಿ ಹಿಂದಕ್ಕೆ ತಳ್ಳುತ್ತದೆ. ಇಲ್ಲಿಯವರೆಗಿನದು ನಮ್ಮ ಇಚ್ಛೆಗೆ ಒಳಪಟ್ಟದ್ದು. ಬೇಕಾದರೆ ತುತ್ತನ್ನು ಬಾಯಲ್ಲೇ ಇಟ್ಟುಕೊಳ್ಳಬಹುದು, ಉಗಿಯಲೂಬಹುದು. ಉಂಡೆ ನಾಲಗೆಯ ಬುಡ ದಾಟಿ ಗಂಟಲಿಗೆ ಇಳಿದ ಮೇಲೆ ಇಚ್ಛೆಯ ಆಟ ನಡೆಯುವುದಿಲ್ಲ. ಅಂಗುಳಿನ ಹಿಂಭಾಗದ ಮೆತ್ತನೆಯ ಭಾಗ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ, ಉಸಿರು ನಿಲ್ಲುತ್ತದೆ, ಧ್ವನಿತಂತುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಎಪಿಗ್ಲಾಟಿಸ್ ಎಂಬ ಎಲೆಯಾಕಾರದ ಮೃದ್ವಸ್ಥಿ ಶ್ವಾಸನಾಳದ ಮೇಲೆ ಬಾಗುತ್ತದೆ, ಗಂಟಲಿನ ಗೋಡೆಗಳು ಮೇಲಿನಿಂದ ಕೆಳಕ್ಕೆ ಹಿಂಡುತ್ತವೆ. ಸುಮಾರು ಮೂವತ್ತು ಜೊತೆ ಸ್ನಾಯುಗಳು ಸರದಿ ತಪ್ಪದೆ ಈ ಕೆಲಸ ಮಾಡಿ ಮುಗಿಸುತ್ತವೆ. ಆಮೇಲೆ ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವು ಆಹಾರವನ್ನು ಎಂಟು ಹತ್ತು ಸೆಕೆಂಡುಗಳಲ್ಲಿ ನಿಧಾನವಾಗಿ ಹೊಟ್ಟೆಗೆ ಇಳಿಸುತ್ತದೆ.

ಆರೋಗ್ಯವಂತರಲ್ಲಿ ನುಂಗುವಿಕೆ ಸಾಮಾನ್ಯವಾಗಿ ಉಸಿರು ಹೊರಬಿಡುವ ನಡುವೆ ನಡೆಯುತ್ತದೆ, ನುಂಗಿದ ಮೇಲೆ ಮತ್ತೆ ಉಸಿರು ಹೊರಕ್ಕೇ ಹೋಗುತ್ತದೆ. ಗಂಟಲಲ್ಲಿ ಏನಾದರೂ ಚೂರು ಉಳಿದಿದ್ದರೆ ಆ ಗಾಳಿ ಅದನ್ನು ಶ್ವಾಸನಾಳದ ಬಾಗಿಲಿನಿಂದ ಹೊರಗೆ ತಳ್ಳಲೆಂದೇ ಈ ಕ್ರಮ ಇದ್ದಂತಿದೆ. ಕಟ್ಟಿಗೆ ಒಲೆಯ ಹೊಗೆಯಲ್ಲಿ ದಶಕಗಟ್ಟಲೆ ಅಡುಗೆ ಮಾಡಿ, ಬಚ್ಚಲೊಲೆಗೆ ಉರಿ ಹಾಕಿ ಶ್ವಾಸಕೋಶ ಕೆಡಿಸಿಕೊಂಡ ಎಷ್ಟೋ ಹೆಣ್ಣುಮಕ್ಕಳು ನಮ್ಮ ಕಡೆ ಇದ್ದಾರೆ. ಏದುಸಿರಿನವರಿಗೆ ಉಸಿರನ್ನು ಒಂದು ಸೆಕೆಂಡು ತಡೆಹಿಡಿಯುವುದೂ ಕಷ್ಟ. ಅವರು ನುಂಗಿದ ತಕ್ಷಣ ಉಸಿರನ್ನು ಒಳಕ್ಕೆ ಎಳೆದುಕೊಳ್ಳುವ ಸಂಭವ ಹೆಚ್ಚು. ಅವರ ವಿಷಯದಲ್ಲಿ ಎಚ್ಚರವೂ ಹೆಚ್ಚು ಬೇಕು.

ಮಿದುಳಿನಲ್ಲಿ ಯಾರ ಕೆಲಸ ಯಾವುದು

ಗೇಟು ಇಳಿಸುವವನ ಕೋಣೆ ಇರುವುದು ತಲೆಯ ಹಿಂಭಾಗದಲ್ಲಿ, ಮಿದುಳು ಬೆನ್ನುಹುರಿಯಾಗಿ ಇಳಿಯುವ ಜಾಗದಲ್ಲಿ. ಇದಕ್ಕೆ ಮಿದುಳುಕಾಂಡ ಎನ್ನುತ್ತಾರೆ. ಅದರ ಕೆಳಭಾಗದ ಹೆಸರು ಮೆಡುಲ್ಲಾ. ಅಲ್ಲಿ ಎರಡು ಬಗೆಯ ನರಕೋಶಗಳ ಗುಂಪುಗಳಿವೆ. ಒಂದು ಗುಂಪು ಬಾಯಿ ಮತ್ತು ಗಂಟಲಿನಿಂದ ಬರುವ ಸುದ್ದಿಯನ್ನು ಸ್ವೀಕರಿಸುತ್ತದೆ: ಎಷ್ಟು ಬಂತು, ಎಲ್ಲಿಗೆ ಬಂತು, ಬಿಸಿಯೋ ತಣ್ಣಗೋ, ನೀರೋ ಗಟ್ಟಿಯೋ. ಇನ್ನೊಂದು ಗುಂಪು ಸ್ನಾಯುಗಳಿಗೆ ಸರದಿಯಂತೆ ಆಜ್ಞೆ ಕಳುಹಿಸುತ್ತದೆ. ಈ ಕ್ರಮ ಒಮ್ಮೆ ಶುರುವಾದರೆ ಕೊನೆಯವರೆಗೂ ತಾನಾಗಿಯೇ ನಡೆಯುತ್ತದೆ. ಗರ್ಭದಲ್ಲಿರುವ ಶಿಶು ಸುಮಾರು ಹನ್ನೆರಡನೆಯ ವಾರದ ಹೊತ್ತಿಗೆ, ಮಿದುಳಿನ ಮೇಲಿನ ಭಾಗಗಳು ಇನ್ನೂ ಬೆಳೆಯುತ್ತಿರುವಾಗಲೇ ಗರ್ಭಜಲವನ್ನು ನುಂಗಲು ತೊಡಗುತ್ತದೆ ಎಂಬುದನ್ನು ನೋಡಿದರೆ, ಇದು ದೇಹದಲ್ಲಿ ಎಷ್ಟು ಮೂಲಭೂತವಾಗಿ ಬೇರೂರಿದ ಕೆಲಸ ಎಂದು ತಿಳಿಯುತ್ತದೆ.

ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಐದು ಜೊತೆ ಈ ಕೆಲಸದಲ್ಲಿ ತೊಡಗಿವೆ. ಅವು ಜಗಿಯುವುದನ್ನೂ, ತುಟಿ ಕೆನ್ನೆಗಳನ್ನೂ, ನಾಲಗೆಯನ್ನೂ, ಗಂಟಲನ್ನೂ, ಧ್ವನಿಪೆಟ್ಟಿಗೆಯನ್ನೂ ನೋಡಿಕೊಳ್ಳುತ್ತವೆ. ಸುದ್ದಿ ಬಾರದೆ ಗೇಟು ಬೀಳುವುದಿಲ್ಲ ಎಂಬುದನ್ನು ನೀವೇ ಪರೀಕ್ಷಿಸಬಹುದು. ಬಾಯಲ್ಲಿ ಏನೂ ಇಲ್ಲದೆ ಒಂದರ ಹಿಂದೆ ಒಂದರಂತೆ ನಾಲ್ಕೈದು ಸಲ ನುಂಗಲು ಪ್ರಯತ್ನಿಸಿ. ಮೊದಲೆರಡು ಸಲ ಸಲೀಸಾಗಿ ಆಗುತ್ತದೆ. ಜೊಲ್ಲು ಮುಗಿದ ಮೇಲೆ ಎಷ್ಟು ಬಯಸಿದರೂ ಗಂಟಲು ಏಳುವುದಿಲ್ಲ. ಇಚ್ಛೆ ಇದ್ದರೂ ಸ್ಪರ್ಶದ ಸುದ್ದಿ ಇಲ್ಲದಿದ್ದರೆ ಮಿದುಳುಕಾಂಡ ಸುಮ್ಮನಿರುತ್ತದೆ. ಬಾಯಿ ಒಣಗಿಸುವ ಔಷಧಗಳು ಹಿರಿಯರಿಗೆ ನುಂಗಲು ತೊಡಕು ತರುವುದು ಹೀಗೆ.

ಮೇಲಿನ ಮಿದುಳಿನ ಕೆಲಸವೂ ಚಿಕ್ಕದಲ್ಲ. ರೈಲು ಯಾವಾಗ ಹೊರಡಬೇಕು, ಬರುವ ರೈಲು ಎಷ್ಟು ಉದ್ದದ್ದು ಎಂದು ಮುಂಚಿತವಾಗಿ ತಿಳಿಸುವ ನಿಲ್ದಾಣ ಅದು. ಚಲನೆಯನ್ನೂ ಸ್ಪರ್ಶವನ್ನೂ ನೋಡಿಕೊಳ್ಳುವ ಹೊರಪದರದ ಪಟ್ಟಿಗಳು, ಒಳಮಡಿಕೆಯಲ್ಲಿರುವ ಇನ್ಸುಲಾ, ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ, ಹಿಂಭಾಗದ ಕಿರುಮಿದುಳು, ಇವೆಲ್ಲ ಸೇರಿ ತುತ್ತಿನ ಗಾತ್ರ ಮತ್ತು ಗುಣಕ್ಕೆ ತಕ್ಕಂತೆ ಮಿದುಳುಕಾಂಡದ ಕ್ರಮವನ್ನು ತಿದ್ದುತ್ತವೆ. 1990ರ ದಶಕದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಷಾಹೀನ್ ಹಮ್ದಿ ಮತ್ತು ಸಂಗಡಿಗರು ತಲೆಯ ಹೊರಗಿನಿಂದ ಕಾಂತೀಯ ಪ್ರಚೋದನೆ ಕೊಟ್ಟು ನಡೆಸಿದ ಅಧ್ಯಯನಗಳು ಒಂದು ಮುಖ್ಯ ಸಂಗತಿಯನ್ನು ತೋರಿಸಿದವು. ನುಂಗುವಿಕೆಗೆ ಮಿದುಳಿನ ಎಡ ಬಲ ಎರಡೂ ಅರ್ಧಗಳು ಕೆಲಸ ಮಾಡುತ್ತವೆ, ಆದರೆ ಸಮಸಮವಾಗಿ ಅಲ್ಲ. ಕೆಲವರಲ್ಲಿ ಎಡ ಅರ್ಧದ ಪಾಲು ದೊಡ್ಡದು, ಕೆಲವರಲ್ಲಿ ಬಲದ್ದು. ಎಡಗೈಯವರೋ ಬಲಗೈಯವರೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಸಂಗತಿ ಪಾರ್ಶ್ವವಾಯುವಿನ ವಿಷಯದಲ್ಲಿ ಮತ್ತೆ ಬರುತ್ತದೆ.

ವಯಸ್ಸು ಏನನ್ನು ಬದಲಿಸುತ್ತದೆ

ವಯಸ್ಸಾದ ಮಾತ್ರಕ್ಕೆ ನುಂಗುವುದು ಕಾಯಿಲೆಯಾಗುವುದಿಲ್ಲ. ತೊಂಬತ್ತರ ಹರೆಯದಲ್ಲೂ ಹಪ್ಪಳ ಮುರಿದು ತಿನ್ನುವ ಹಿರಿಯರಿದ್ದಾರೆ. ಆದರೆ ಮುಪ್ಪಿನ ಜೊತೆ ಬರುವ ಕೆಲವು ಸಹಜ ಬದಲಾವಣೆಗಳು ಈ ಕೆಲಸದ ಸಮಯಪಾಲನೆಯನ್ನು ಸಡಿಲಿಸುತ್ತವೆ.

ಗಂಟಲು ಮತ್ತು ಧ್ವನಿಪೆಟ್ಟಿಗೆಯ ಒಳಪದರದ ಸಂವೇದನೆ ವಯಸ್ಸಿನೊಂದಿಗೆ ಮಂದವಾಗುತ್ತದೆ. ಯುವಕರಿಗೆ ತಿಳಿಯುವ ಸಣ್ಣ ಸ್ಪರ್ಶ ಹಿರಿಯರಿಗೆ ತಿಳಿಯುವುದಿಲ್ಲ. ಮಿದುಳಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ಬಿಳಿಯ ನರತಂತುಗಳಲ್ಲಿ, ಮುಖ್ಯವಾಗಿ ರಕ್ತದೊತ್ತಡ ಮತ್ತು ಮಧುಮೇಹ ಇರುವವರಲ್ಲಿ, ಸಣ್ಣ ಸಣ್ಣ ಹಾನಿಗಳು ಸೇರುತ್ತಾ ಹೋಗುತ್ತವೆ; ಸುದ್ದಿಯೂ ಆಜ್ಞೆಯೂ ನಿಧಾನವಾಗುತ್ತವೆ. ಇವೆಲ್ಲ ಕೂಡಿದಾಗ ತುತ್ತು ಗಂಟಲಿನ ಸಾಕಷ್ಟು ಆಳಕ್ಕೆ ಇಳಿದ ಮೇಲೆ ಗೇಟು ಬೀಳತೊಡಗುತ್ತದೆ. ತಡವಾಗುವುದು ಸೆಕೆಂಡಿನ ಒಂದು ಪಾಲು ಮಾತ್ರ. ಗಟ್ಟಿ ಅನ್ನದ ಉಂಡೆಗೆ ಅಷ್ಟು ತಡ ಲೆಕ್ಕಕ್ಕಿಲ್ಲ, ಏಕೆಂದರೆ ಅದು ನಿಧಾನವಾಗಿ ಜಾರುತ್ತದೆ. ನೀರು ಕಾಯುವುದಿಲ್ಲ. ಬಾಯಿಂದ ಗಂಟಲಿಗೆ ಕ್ಷಣದಲ್ಲಿ ಸುರಿದುಹೋಗಿ, ಗೇಟು ತೆರೆದಿರುವಾಗಲೇ ಶ್ವಾಸನಾಳದ ಬಾಗಿಲು ತಲುಪುತ್ತದೆ. ಎಲ್ಲಕ್ಕಿಂತ ಸರಳವೆಂದು ನಾವು ಭಾವಿಸುವ ನೀರೇ ದುರ್ಬಲ ಗಂಟಲಿಗೆ ಎಲ್ಲಕ್ಕಿಂತ ಕಠಿಣವಾಗುವುದು, ಆಸ್ಪತ್ರೆಯ ಚೀಟಿಯಲ್ಲಿ ಅದನ್ನೇ ಮೊದಲು ಬೇಡವೆನ್ನುವುದು, ಈ ವೇಗದ ದೆಸೆಯಿಂದ.

ಸ್ನಾಯುಗಳೂ ಸೊರಗುತ್ತವೆ. ನಾಲಗೆ ತನ್ನ ಪೂರ್ತಿ ಬಲದಿಂದ ಅಂಗುಳನ್ನು ಒತ್ತಬಲ್ಲ ಒತ್ತಡವು ವಯಸ್ಸಿನೊಂದಿಗೆ ಕಡಿಮೆಯಾಗುತ್ತದೆ. ನಿತ್ಯದ ನುಂಗುವಿಕೆಗೆ ಬೇಕಾದ ಒತ್ತಡ ಮಾತ್ರ ಅಷ್ಟೇ ಇರುತ್ತದೆ. ಅಂದರೆ ಕೈಯಲ್ಲಿರುವ ಮೀಸಲು ಕರಗಿರುತ್ತದೆ. ಮೀಸಲು ಇಲ್ಲದ್ದು ಆರೋಗ್ಯವಾಗಿರುವಾಗ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ನಾಲ್ಕು ದಿನ ಜ್ವರ ಬಂದು ಮಲಗಿದಾಗ, ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದಾಗ, ಊಟ ಸೇರದೆ ತೂಕ ಇಳಿದಾಗ ಅದು ಒಮ್ಮೆಲೇ ಹೊರಬೀಳುತ್ತದೆ.

ಮಿದುಳು ಇದನ್ನೆಲ್ಲ ಸುಮ್ಮನೆ ನೋಡುತ್ತಾ ಕೂರುವುದಿಲ್ಲ ಎಂಬುದು ನನಗೆ ಈ ವಿಷಯದ ಅತ್ಯಂತ ಹೃದ್ಯವಾದ ಭಾಗ. ಆರೋಗ್ಯವಂತ ಹಿರಿಯರು ನುಂಗುವಾಗ ತೆಗೆದ ಮಿದುಳಿನ ಚಿತ್ರಗಳಲ್ಲಿ, ಯುವಜನರಿಗಿಂತ ಹೆಚ್ಚು ಭಾಗಗಳು ಕೆಲಸದಲ್ಲಿ ತೊಡಗಿರುವುದು ಕಂಡುಬಂದಿದೆ. ಕೆಳಗಿನ ಏರ್ಪಾಡು ನಿಧಾನವಾದಷ್ಟೂ ಮೇಲಿನ ಮಿದುಳು ಹೆಚ್ಚು ಗಮನ ಕೊಟ್ಟು ಸರಿದೂಗಿಸುತ್ತಿದೆ ಎಂದು ಸಂಶೋಧಕರು ಇದನ್ನು ಅರ್ಥೈಸುತ್ತಾರೆ. ಹಿರಿಯರು ಮಾತಾಡದೆ, ತಟ್ಟೆ ನೋಡುತ್ತಾ, ನಿಧಾನವಾಗಿ ಉಣ್ಣುವುದನ್ನು ಆಲಸ್ಯವೆಂದು ಎಣಿಸಿ ಅವಸರ ಮಾಡಬಾರದು. ಅವರಿಗೆ ಈಗ ಗಮನ ನಿಜವಾಗಿಯೂ ಬೇಕಾಗಿದೆ.

ಕೆಮ್ಮು ಬಾರದೆ ಹೋದಾಗ

ಆಹಾರವೋ ನೀರೋ ಶ್ವಾಸನಾಳದ ಬಾಗಿಲು ಮುಟ್ಟಿದರೆ ಜೋರಾಗಿ ಕೆಮ್ಮು ಬರುವುದು ದೇಹದ ರಕ್ಷಣೆ. ಆದ್ದರಿಂದ ಕೆಮ್ಮುತ್ತಿರುವವರ ತಲೆ ತಟ್ಟುವುದರಿಂದಲೂ, ತಕ್ಷಣ ಮೇಲಿಂದ ನೀರು ಕುಡಿಸುವುದರಿಂದಲೂ ಪ್ರಯೋಜನವಿಲ್ಲ. ಮುಂದಕ್ಕೆ ಬಾಗಿಸಿ, ಪೂರ್ತಿ ಕೆಮ್ಮಲು ಬಿಡಬೇಕು. ಕೆಮ್ಮಲೂ ಆಗದೆ, ಮಾತೂ ಹೊರಡದೆ, ಮುಖ ನೀಲಿಗಟ್ಟಿದರೆ ದಾರಿ ಪೂರ್ತಿ ಕಟ್ಟಿದೆ ಎಂದು ಅರ್ಥ. ಆಗ ಬೆನ್ನಿನ ಮೇಲೆ, ಭುಜದೆಲುಬುಗಳ ನಡುವೆ ಅಂಗೈಯಿಂದ ಬಲವಾಗಿ ಐದು ಸಲ ಹೊಡೆದು, ಫಲವಾಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು, ಜೊತೆಯವರು 108ಕ್ಕೆ ಕರೆ ಮಾಡಬೇಕು.

ಇದಕ್ಕಿಂತ ಮೋಸದ್ದು ಕೆಮ್ಮೇ ಬಾರದಿರುವುದು. ಸಂವೇದನೆ ಮಂದವಾದವರಲ್ಲಿ ಕಾಫಿ ಶ್ವಾಸನಾಳಕ್ಕೆ ಇಳಿದರೂ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ, ಎದುರಿಗೆ ಕೂತವರಿಗೆ ಏನೂ ಕಾಣುವುದಿಲ್ಲ. ಈ ಸಂವೇದನೆಯ ಹಿಂದೆ ಸಬ್‌ಸ್ಟೆನ್ಸ್ ಪಿ ಎಂಬ ಒಂದು ನರರಾಸಾಯನಿಕವಿದೆ. ಗಂಟಲಿನ ನರತುದಿಗಳಲ್ಲಿ ಅದು ಸಾಕಷ್ಟಿದ್ದರೆ ಕೆಮ್ಮೂ ನುಂಗುವಿಕೆಯೂ ಚುರುಕಾಗಿರುತ್ತವೆ. ಮಿದುಳಿನ ಆಳದಲ್ಲಿ ಸಣ್ಣ ರಕ್ತನಾಳಗಳು ಕಟ್ಟಿ ಡೋಪಮಿನ್ ಎಂಬ ಇನ್ನೊಂದು ನರರಾಸಾಯನಿಕ ಕಡಿಮೆಯಾದವರಲ್ಲಿ ಸಬ್‌ಸ್ಟೆನ್ಸ್ ಪಿ ಕೂಡ ಇಳಿಯುತ್ತದೆ ಎಂದು ಜಪಾನಿನ ಸಂಶೋಧಕರು ವಿವರಿಸಿದ್ದಾರೆ. ಅಲ್ಲಿಯೇ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವೃದ್ಧರ ಆರೈಕೆ ಕೇಂದ್ರಗಳಲ್ಲಿದ್ದವರಿಗೆ ಪ್ರತಿ ಊಟಕ್ಕೂ ಮೊದಲು ಒಂದು ನಿಮಿಷ ಕಾಳುಮೆಣಸಿನ ಎಣ್ಣೆಯ ವಾಸನೆ ತೋರಿಸುತ್ತಾ ಬಂದಾಗ, ಒಂದು ತಿಂಗಳಲ್ಲಿ ಅವರ ನುಂಗುವಿಕೆ ಬೇಗನೆ ಶುರುವಾಗತೊಡಗಿತು. ಮನೆಯ ಅಡಿಕೆ ಮರಕ್ಕೇ ಹಬ್ಬಿಸಿ ಮೆಣಸು ಬೆಳೆಯುವ ನಮಗೆ ಇದು ಹತ್ತಿರದ ಸುದ್ದಿ. ಆದರೆ ಅಲ್ಲಿ ಬಳಸಿದ್ದು ವಾಸನೆ ಮಾತ್ರ, ಮತ್ತು ಇಂಥ ಒಂದು ಅಧ್ಯಯನವನ್ನು ಚಿಕಿತ್ಸೆಯೆಂದು ಕರೆಯಲಾಗದು. ದುರ್ಬಲ ಗಂಟಲಿನವರಿಗೆ ಮೆಣಸಿನ ಪುಡಿಯನ್ನು ಬಾಯಿಗೆ ಹಾಕುವುದು ಅಪಾಯ.

ಹೀಗೆ ಶ್ವಾಸನಾಳಕ್ಕೆ ಇಳಿದದ್ದು ಶ್ವಾಸಕೋಶದ ಸೋಂಕಿಗೆ, ಅಂದರೆ ನ್ಯುಮೋನಿಯಾಕ್ಕೆ ಕಾರಣವಾಗಬಹುದು. ಆದರೆ ಒಳಗೆ ಹೋದದ್ದೆಲ್ಲ ನ್ಯುಮೋನಿಯಾ ಆಗುವುದಿಲ್ಲ. ಆರೋಗ್ಯವಂತರೂ ನಿದ್ರೆಯಲ್ಲಿ ಸ್ವಲ್ಪ ಜೊಲ್ಲನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುವುದುಂಟು. ಎಷ್ಟು ಹೋಯಿತು ಎಂಬುದರ ಜೊತೆಗೆ, ಅದರೊಡನೆ ಎಷ್ಟು ಬ್ಯಾಕ್ಟೀರಿಯಾ ಹೋಯಿತು ಎಂಬುದೂ ಮುಖ್ಯ. 1999ರಲ್ಲಿ ಪ್ರಕಟವಾದ ಮತ್ತೊಂದು ಜಪಾನಿ ಅಧ್ಯಯನವು 11 ವೃದ್ಧರ ಕೇಂದ್ರಗಳಲ್ಲಿ ಎರಡು ವರ್ಷ ನಡೆಯಿತು. ಪ್ರತಿ ಊಟದ ನಂತರ ಹಲ್ಲುಜ್ಜಿಸಿ ಬಾಯಿ ಶುಚಿಗೊಳಿಸಿದ ಗುಂಪಿನಲ್ಲಿ ಶೇ. 11 ಮಂದಿಗೆ ನ್ಯುಮೋನಿಯಾ ಬಂದರೆ, ಆ ಆರೈಕೆ ಸಿಗದ ಗುಂಪಿನಲ್ಲಿ ಶೇ. 19 ಮಂದಿಗೆ ಬಂತು. ಹಲ್ಲಿಲ್ಲದವರಿಗೂ ಇದು ಅನ್ವಯಿಸುತ್ತದೆ: ವಸಡು, ನಾಲಗೆ ಒರೆಸಬೇಕು, ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ತೊಳೆದಿಡಬೇಕು, ಕವಳ ಹಾಕುವವರ ದವಡೆಯಲ್ಲಿ ಅಡಿಕೆಯ ಚೂರು ಉಳಿದಿರುವಾಗ ಮಲಗಲು ಬಿಡಬಾರದು. ಮನೆಯಲ್ಲಿ ದುಡ್ಡಿಲ್ಲದೆ ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವುದು ಇನ್ನೊಂದಿಲ್ಲ ಎನ್ನಬಹುದು.

ಪಾರ್ಶ್ವವಾಯು, ಪಾರ್ಕಿನ್ಸನ್, ಮರೆವು

ಪಾರ್ಶ್ವವಾಯುವಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲ ದಿನಗಳಲ್ಲಿ ನುಂಗಲು ತೊಂದರೆಯಿರುತ್ತದೆ. ಯಾರಾದರೂ ಒಮ್ಮೆಲೇ ಕುಸಿದು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ನಾವು ಮೊದಲು ಮಾಡುವ ಕೆಲಸವೇ ನೀರು ಕುಡಿಸುವುದು ಅಥವಾ ಸಕ್ಕರೆ ಹಾಕಿ ಕಾಫಿ ಕೊಡುವುದು. ಅದು ಬೇಡ, ಮಾತ್ರೆಯೂ ಬೇಡ. ನುಂಗುವ ಶಕ್ತಿಯನ್ನು ಆಸ್ಪತ್ರೆಯಲ್ಲಿ ಪರೀಕ್ಷಿಸುವ ತನಕ ಬಾಯಿಗೆ ಏನನ್ನೂ ಹಾಕಬಾರದು. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯ ಮಿತಿ ಇರುವುದರಿಂದ, ಘಟ್ಟದ ದಾರಿಯ ಹೊತ್ತನ್ನೂ ಲೆಕ್ಕ ಹಾಕಿ ಕೂಡಲೇ ಹೊರಡಬೇಕು.

ಹಲವರಲ್ಲಿ ನುಂಗುವಿಕೆ ಎರಡು ವಾರಗಳೊಳಗೆ ಬಹುಮಟ್ಟಿಗೆ ಮರಳುತ್ತದೆ. ಕೈಕಾಲಿನ ಬಲಕ್ಕಿಂತ ಬೇಗನೆ ಮರಳುವುದೂ ಉಂಟು. ಹಮ್ದಿ ಅವರ ಮುಂದಿನ ಅಧ್ಯಯನಗಳು ಇದಕ್ಕೆ ಕಾರಣ ಹುಡುಕಿದವು: ಹಾನಿಗೊಂಡ ಅರ್ಧ ಸುಧಾರಿಸುವುದಕ್ಕಿಂತ ಹೆಚ್ಚಾಗಿ, ಹಾನಿಯಾಗದ ಅರ್ಧದಲ್ಲಿ ಗಂಟಲಿನ ಪಾಲು ದೊಡ್ಡದಾಗುತ್ತದೆ. ದೊಡ್ಡ ಪಾಲು ಇದ್ದ ಅರ್ಧಕ್ಕೇ ಪೆಟ್ಟಾದವರಿಗೆ ತೊಂದರೆ ಹೆಚ್ಚು. ಚಿಕ್ಕ ಪಾಲಿನ ಅರ್ಧಕ್ಕೆ ಪೆಟ್ಟಾದವರು ನುಂಗುವ ತೊಂದರೆಯನ್ನೇ ಅನುಭವಿಸದಿರಬಹುದು. ಒಂದೇ ರೀತಿ ಕೈಕಾಲು ಸೋತ ಇಬ್ಬರಲ್ಲಿ ಒಬ್ಬರು ಉಣ್ಣುತ್ತಿದ್ದು ಇನ್ನೊಬ್ಬರ ಮೂಗಿನಲ್ಲಿ ಪೈಪು ಇರುವುದಕ್ಕೆ ಇದೂ ಒಂದು ಕಾರಣ.

ಕೈ ನಡುಗಿ, ಚಲನೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ನಾಲಗೆ ತುತ್ತನ್ನು ಹಿಂದಕ್ಕೆ ತಳ್ಳಲು ಹೊರಟು ಮತ್ತೆ ಮತ್ತೆ ತಡವರಿಸುತ್ತದೆ. ಜೊಲ್ಲು ಸುರಿಯುವುದು ಜೊಲ್ಲು ಹೆಚ್ಚಾದ್ದರಿಂದಲ್ಲ, ತಾನಾಗಿ ನುಂಗುವ ಸಲಗಳು ಕಡಿಮೆಯಾದ್ದರಿಂದ. ಮಾತ್ರೆಯ ಪ್ರಭಾವ ಚೆನ್ನಾಗಿರುವ ಹೊತ್ತಿಗೆ ಊಟ ಬರುವಂತೆ ವೈದ್ಯರನ್ನು ಕೇಳಿ ಸಮಯ ಹೊಂದಿಸಿದರೆ ಅನುಕೂಲ. ಮರೆವಿನ ಕಾಯಿಲೆಯಲ್ಲಿ ಗೇಟು ಸರಿಯಿದ್ದರೂ ನಿಲ್ದಾಣದಿಂದ ರೈಲೇ ಹೊರಡುವುದಿಲ್ಲ: ತುತ್ತು ಕೆನ್ನೆಯಲ್ಲೇ ಉಳಿಯುತ್ತದೆ, ಬಾಯಲ್ಲಿರುವುದು ಅನ್ನ ಎಂಬುದೇ ಹೊಳೆಯುವುದಿಲ್ಲ. ಅವರ ಕೈಗೇ ಚಮಚ ಕೊಟ್ಟು, ಕೈ ಹಿಡಿದು ಬಾಯಿಯವರೆಗೆ ನಡೆಸಿದರೆ ಹಳೆಯ ಅಭ್ಯಾಸ ಎಚ್ಚರಗೊಂಡು ನುಂಗುವುದು ಸಲೀಸಾಗುವುದುಂಟು.

ನಮ್ಮ ಅಡುಗೆಮನೆಯ ಲೆಕ್ಕದಲ್ಲಿ

ಹುಷಾರಿಲ್ಲದವರಿಗೆ ಗಂಜಿ ಎಂಬುದು ಮಲೆನಾಡಿನ ಮೊದಲ ತೀರ್ಮಾನ. ಆದರೆ ಬಟ್ಟಲಿನಲ್ಲಿ ಸ್ವಲ್ಪ ಹೊತ್ತು ಬಿಟ್ಟ ಗಂಜಿಯನ್ನು ಗಮನಿಸಿ: ಮೇಲೆ ತಿಳಿ, ಕೆಳಗೆ ಅಗುಳು. ಇದನ್ನು ಬಾಯಿಗೆ ಹಾಕಿದಾಗ ಅಗುಳನ್ನು ಜಗಿಯುವಷ್ಟರಲ್ಲಿ ತಿಳಿ ತಾನಾಗಿ ಗಂಟಲಿಗೆ ಇಳಿದುಬಿಡುತ್ತದೆ. ಒಂದೇ ತುತ್ತಿನಲ್ಲಿ ಎರಡು ವೇಗ. ತೆಳ್ಳಗಿನ ಸಾರು ಕಲಸಿದ ಅನ್ನ, ಹಾಲಿನಲ್ಲಿ ನೆನೆದ ಅವಲಕ್ಕಿ ಇವೂ ಹೀಗೆಯೇ. ತುಸು ಹೆಚ್ಚು ಬೇಯಿಸಿ, ಕಿವುಚಿ, ತಿಳಿಯೂ ಅಗುಳೂ ಬೇರೆಯಾಗದಂತೆ ಒಂದೇ ಹದಕ್ಕೆ ತಂದ ಗಂಜಿ ಸುರಕ್ಷಿತ. ಪಿಷ್ಟದಿಂದ ಮಂದವಾದ ಗಂಜಿ ಜೊಲ್ಲು ಬೆರೆತಾಗ ತೆಳ್ಳಗಾಗುವುದರಿಂದ, ಒಂದೇ ಚಮಚವನ್ನು ಬಟ್ಟಲಿಗೂ ಬಾಯಿಗೂ ಆಡಿಸುತ್ತಾ ಬಹಳ ಹೊತ್ತು ಉಣಿಸಿದರೆ ಕೊನೆಗೆ ಗಂಜಿ ನೀರಾಗಿರುತ್ತದೆ. ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಹಾಕಿಕೊಳ್ಳುವುದು ಲೇಸು.

ಒಣಗಿದ ಅಕ್ಕಿರೊಟ್ಟಿ ಪುಡಿಯಾಗಿ ಗಂಟಲಲ್ಲಿ ಚದುರುತ್ತದೆ, ಹಪ್ಪಳದ ಚೂರೂ ಹಾಗೆಯೇ. ಕಡುಬನ್ನು ಬಿಸಿಯಿರುವಾಗ ಚೆನ್ನಾಗಿ ಮುರಿದು, ತುಪ್ಪ ಅಥವಾ ಮಂದವಾದ ಗೊಜ್ಜಿನಲ್ಲಿ ಕಲಸಿದರೆ ಇಳಿಯುತ್ತದೆ. ಹುಳಿ ರುಚಿ ನುಂಗುವಿಕೆಯನ್ನು ಬೇಗ ಎಬ್ಬಿಸುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಹಾಗೆಂದು ಅಪ್ಪೆಹುಳಿಯನ್ನು ಲೋಟದಲ್ಲಿ ಕೊಡುವಂತಿಲ್ಲ, ಅದು ನೀರಿನಷ್ಟೇ ತೆಳು. ಆ ಹುಳಿಯನ್ನು ಮೆತ್ತನೆಯ ಅನ್ನದಲ್ಲಿ ಪೂರ್ತಿ ಹೀರಿಕೊಳ್ಳುವಂತೆ ಕಲಸಬಹುದು.

ಎಲ್ಲಕ್ಕಿಂತ ಬದಲಿಸಲು ಕಷ್ಟವಾಗುವುದು ಕುಡಿಯುವ ರೀತಿ. ಕಚ್ಚಿ ಕುಡಿಯಬೇಡ, ಎತ್ತಿ ಕುಡಿ ಎಂದು ಮಕ್ಕಳಿಗೆ ಕಲಿಸಿದವರು ಇದೇ ಹಿರಿಯರು. ಲೋಟ ಎತ್ತಿ ಕುಡಿಯುವಾಗ ತಲೆ ಹಿಂದಕ್ಕೆ ಬಾಗುತ್ತದೆ. ಆ ಭಂಗಿಯಲ್ಲಿ ಗಾಳಿಯ ದಾರಿ ಇನ್ನಷ್ಟು ತೆರೆದುಕೊಳ್ಳುತ್ತದೆ, ಧ್ವನಿಪೆಟ್ಟಿಗೆ ಮೇಲೇರುವುದು ಕಷ್ಟವಾಗುತ್ತದೆ, ನೀರು ನಾಲಗೆಯ ಹಿಡಿತಕ್ಕೆ ಸಿಗದೆ ನೇರವಾಗಿ ಬೀಳುತ್ತದೆ. ಮಾತ್ರೆಯನ್ನು ಹಿಂದಕ್ಕೆ ಎಸೆದು ನೀರು ಸುರಿದುಕೊಳ್ಳುವುದೂ ಅದೇ. ಅವರಿಗೆಂದೇ ಒಂದು ಲೋಟ ಬೇರೆಯಿಟ್ಟು, ಬೆನ್ನು ನೆಟ್ಟಗಿಟ್ಟು ಕೂರಿಸಿ, ತುಟಿಗೆ ತಾಗಿಸಿ, ಸಣ್ಣ ಗುಟುಕು ಕುಡಿಸಬೇಕು. ಗದ್ದವನ್ನು ಎದೆಯ ಕಡೆಗೆ ತುಸು ಬಗ್ಗಿಸಿ ನುಂಗುವುದು ಹಲವರಿಗೆ ನೆರವಾಗುತ್ತದೆ, ಆದರೆ ಎಲ್ಲರಿಗೂ ಅಲ್ಲ. ಅದನ್ನು ಪರೀಕ್ಷೆಯ ನಂತರ ನಿರ್ಧರಿಸಬೇಕು. ಆರಾಮ ಕುರ್ಚಿಯಲ್ಲಿ ಒರಗಿ ಕಾಫಿ ಕುಡಿಯುವುದನ್ನು ಬಿಡಿಸಬೇಕು. ಉಂಡ ಮೇಲೆ ಅರ್ಧ ಗಂಟೆಯಾದರೂ ಮಲಗಿಸಬಾರದು.

ನೀರನ್ನು ಮಂದಗೊಳಿಸುವ ಪುಡಿಗಳು ಔಷಧದ ಅಂಗಡಿಗಳಲ್ಲಿ ದೊರೆಯುತ್ತವೆ. ಮಂದವಾದ ನೀರು ನಿಧಾನವಾಗಿ ಇಳಿದು ಗೇಟಿಗೆ ಸಮಯ ಕೊಡುತ್ತದೆ. ಆದರೆ ಅದರ ರುಚಿ ಹಿಡಿಸದೆ ಹಿರಿಯರು ಕುಡಿಯುವುದನ್ನೇ ಕಡಿಮೆ ಮಾಡಿ ದೇಹದಲ್ಲಿ ನೀರಿನಂಶ ಇಳಿಯುವುದೂ, ಅತಿ ಮಂದವಾದರೆ ಗಂಟಲಲ್ಲೇ ಅಂಟಿಕೊಳ್ಳುವುದೂ ಉಂಟು. ಪಾನೀಯ, ಆಹಾರಗಳು ಎಷ್ಟು ಮಂದ ಎಂಬುದನ್ನು ಅಳೆಯಲು ಈಗ 0ಯಿಂದ 7ರವರೆಗಿನ ಅಂತರರಾಷ್ಟ್ರೀಯ ಹಂತಗಳಿವೆ. ಪಾನೀಯವನ್ನು 10 ಮಿಲಿಲೀಟರಿನ ಸಿರಿಂಜಿನಲ್ಲಿ ತುಂಬಿ, ತುದಿ ತೆರೆದು, ಹತ್ತು ಸೆಕೆಂಡಿನ ನಂತರ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. 1 ಮಿಲಿಲೀಟರಿಗಿಂತ ಕಡಿಮೆ ಉಳಿದರೆ ಅದು ನೀರಿನಷ್ಟೇ ತೆಳು. 4ರಿಂದ 8ರಷ್ಟು ಉಳಿದರೆ ಎರಡನೆಯ ಹಂತದ ಮಂದ. ವೈದ್ಯರು ಹಂತ ತಿಳಿಸಿದ್ದರೆ ಮನೆಯಲ್ಲೇ ಹೀಗೆ ಅಳೆದುಕೊಳ್ಳಬಹುದು.

ಯಾರನ್ನು ಕಾಣಬೇಕು, ಅವರು ಏನು ಮಾಡುತ್ತಾರೆ

ಊಟದಲ್ಲಿ ಪದೇ ಪದೇ ಕೆಮ್ಮು, ನುಂಗಿದ ಮೇಲೆ ದನಿ ಗೊರಗೊರ ಎನ್ನುವುದು, ಒಂದು ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮತ್ತೆ ಮತ್ತೆ ಬರುವ ಜ್ವರ ಮತ್ತು ಕಫ, ಇವು ತೋರಿಸಬೇಕಾದ ಲಕ್ಷಣಗಳು. ಗಟ್ಟಿ ಪದಾರ್ಥವೇ ಎದೆಯ ಹತ್ತಿರ ಸಿಕ್ಕಿಕೊಂಡಂತೆ ಅನಿಸಿ ದಿನದಿಂದ ದಿನಕ್ಕೆ ಹೆಚ್ಚಾಗುತ್ತಿದ್ದರೆ ಅದು ಮಿದುಳಿನದ್ದಲ್ಲದೆ ಅನ್ನನಾಳದ ತೊಂದರೆ ಇರಬಹುದು. ತಡ ಮಾಡದೆ ಪರೀಕ್ಷಿಸಬೇಕು.

ನುಂಗುವ ತೊಂದರೆಯನ್ನು ಅಳೆದು ತರಬೇತಿ ಕೊಡುವವರು ವಾಕ್ ಚಿಕಿತ್ಸಕರು. ಮಾತಿಗೂ ನುಂಗುವುದಕ್ಕೂ ಬಹುಪಾಲು ಅವೇ ಸ್ನಾಯುಗಳು, ಅವೇ ನರಗಳು ಬಳಕೆಯಾಗುವುದರಿಂದ ಈ ಕೆಲಸ ಅವರದ್ದಾಗಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥವರನ್ನು ತಯಾರು ಮಾಡುವ ರಾಷ್ಟ್ರೀಯ ಸಂಸ್ಥೆ. ಶಿವಮೊಗ್ಗದಲ್ಲಿ ನರರೋಗ ಅಥವಾ ಕಿವಿ, ಮೂಗು, ಗಂಟಲಿನ ವೈದ್ಯರನ್ನು ಮೊದಲು ಕಂಡು ಅವರ ಮೂಲಕ ಹೋಗಬಹುದು. ಚಿಕಿತ್ಸಕರು ಮೊದಲು ಅಳತೆಯ ನೀರು ಕುಡಿಸಿ ನೋಡುತ್ತಾರೆ. ಸಂಶಯ ಉಳಿದರೆ ಬೇರಿಯಂ ಬೆರೆಸಿದ ಆಹಾರ ನುಂಗಿಸುತ್ತಾ ಎಕ್ಸ್‌ರೇ ವಿಡಿಯೋ ತೆಗೆಯುತ್ತಾರೆ, ಅಥವಾ ಮೂಗಿನ ಮೂಲಕ ತೆಳ್ಳಗಿನ ಕ್ಯಾಮೆರಾ ಇಳಿಸಿ ಗಂಟಲನ್ನು ನೇರವಾಗಿ ನೋಡುತ್ತಾರೆ. ಈ ಎರಡನೆಯ ವಿಧಾನ 1988ರಿಂದ ಬಳಕೆಯಲ್ಲಿದೆ. ಕೆಮ್ಮು ಬಾರದೆ ಒಳಗಿಳಿಯುವುದನ್ನು ಖಚಿತವಾಗಿ ಹಿಡಿಯಲು ಈ ಎರಡು ಪರೀಕ್ಷೆಗಳೇ ಬೇಕು.

ತರಬೇತಿಯಿಂದ ಬಲ ಮರಳುತ್ತದೆ ಎಂಬುದಕ್ಕೆ ಆಧಾರವಿದೆ. ನಾಲಗೆಯನ್ನು ಅಂಗುಳಿಗೆ ಬಲವಾಗಿ ಒತ್ತುವ ವ್ಯಾಯಾಮವನ್ನು ಎಂಟು ವಾರ ಮಾಡಿದ ಎಪ್ಪತ್ತು ದಾಟಿದವರಲ್ಲಿ ನಾಲಗೆಯ ಒತ್ತಡ ಹೆಚ್ಚಿದ್ದು 2005ರ ಒಂದು ಸಣ್ಣ ಅಧ್ಯಯನದಲ್ಲಿ ಕಂಡುಬಂದಿದೆ. ಅಂಗಾತ ಮಲಗಿ ತಲೆಯನ್ನಷ್ಟೇ ಎತ್ತುವ ವ್ಯಾಯಾಮ ಅನ್ನನಾಳದ ಬಾಯಿ ಚೆನ್ನಾಗಿ ತೆರೆಯಲು ನೆರವಾಗುತ್ತದೆ. ಕುತ್ತಿಗೆ ನೋವು, ಹೃದಯದ ತೊಂದರೆ ಇರುವವರು ಅದನ್ನು ಕೇಳದೆ ಮಾಡಬಾರದು.

ವೈದ್ಯರ ಬಳಿ ಹೋಗುವಾಗ ಹಿರಿಯರು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಜೊತೆಗೆ ಒಯ್ಯಬೇಕು. ನಿದ್ರೆಯ ಮಾತ್ರೆ ಮಿದುಳಿನ ಎಚ್ಚರ ತಗ್ಗಿಸುತ್ತದೆ. ಮೂತ್ರದ ಹಿಡಿತಕ್ಕೆ, ಅಲರ್ಜಿಗೆ ಕೊಡುವ ಕೆಲವು ಔಷಧಗಳು ಬಾಯಿ ಒಣಗಿಸುತ್ತವೆ. ಯಾವುದನ್ನು ಪುಡಿ ಮಾಡಿ ಕೊಡಬಹುದು ಎಂದು ಅಲ್ಲಿಯೇ ಕೇಳಬೇಕು. ದಿನವಿಡೀ ನಿಧಾನವಾಗಿ ಕರಗಲೆಂದು ಮಾಡಿದ ಮಾತ್ರೆಯನ್ನು ಅರೆದರೆ ಇಡೀ ದಿನದ ಪ್ರಮಾಣ ಒಮ್ಮೆಗೇ ದೇಹ ಸೇರುತ್ತದೆ. ಮರೆವಿನ ಕಾಯಿಲೆ ಕೊನೆಯ ಹಂತಕ್ಕೆ ಮುಟ್ಟಿದವರಿಗೆ ಪೈಪಿನ ಮೂಲಕ ಆಹಾರ ಕೊಡುವುದರಿಂದ ಆಯುಷ್ಯ ಹೆಚ್ಚಿದ್ದಕ್ಕಾಗಲಿ, ನ್ಯುಮೋನಿಯಾ ತಪ್ಪಿದ್ದಕ್ಕಾಗಲಿ ಒಳ್ಳೆಯ ಆಧಾರ ಸಿಕ್ಕಿಲ್ಲ. ಅಂಥವರ ಮನೆಯವರು ಪೈಪಿಗೆ ಒಪ್ಪಿಗೆ ಕೊಡುವ ಮೊದಲು, ಇಷ್ಟಪಟ್ಟಷ್ಟನ್ನು ಎಚ್ಚರದಿಂದ ಕೈಯಿಂದಲೇ ಉಣಿಸುವ ದಾರಿಯ ಬಗ್ಗೆಯೂ ವೈದ್ಯರನ್ನು ಬಿಚ್ಚುಮನಸ್ಸಿನಿಂದ ಕೇಳಬಹುದು, ಉತ್ತರಕ್ಕೆ ಸಮಯ ಕೊಡುವಂತೆ ಕೋರಬಹುದು.